ಯಾವ ಪ್ರಶ್ನೆಗೆ ಯಾವ ಆಕರ?

ಆರೋಗ್ಯ ಸಂವಹನದ ಬಗ್ಗೆ ಸಂಶೋಧನೆಗೆ ಇಳಿದ ವಿದ್ಯಾರ್ಥಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಒಂದು ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಪಬ್‌ಮೆಡ್, ಸರ್ಕಾರಿ ಸಮೀಕ್ಷೆಗಳು ನಂಬಬಹುದಾದವು. ಪತ್ರಿಕಾ ವರದಿ, ಯೂಟ್ಯೂಬ್, ವಾಟ್ಸ್‌ಆ್ಯಪ್ ನಂಬಬಾರದವು. ಪಟ್ಟಿ ಕೆಟ್ಟದ್ದೇನಲ್ಲ. ಆದರೆ ಅದೊಂದನ್ನೇ ನೆಚ್ಚಿಕೊಂಡು ಬರೆದ ಪ್ರಬಂಧದಲ್ಲಿ ಉಲ್ಲೇಖಗಳೆಲ್ಲ ದೊಡ್ಡ ಹೆಸರಿನವೇ ಇದ್ದರೂ ಅವು ಹೇಳಿದ ಮಾತಿಗೆ ಆಧಾರವಾಗಿ ನಿಲ್ಲದೆ ಹೋಗಬಹುದು. ಇದಕ್ಕೆ ಕಾರಣ ವಿಷಯದ ಸ್ವಭಾವದಲ್ಲೇ ಇದೆ. ವೈದ್ಯಕೀಯವಾಗಿ ಯಾವುದು ನಿಜ, ಅದನ್ನು ಜನರಿಗೆ ಯಾರು ಯಾವ ಮಾತಿನಲ್ಲಿ ಹೇಳಿದರು, ಕೇಳಿದವರು ಏನೆಂದು ತಿಳಿದುಕೊಂಡರು, ತಿಳಿದ ಮೇಲೆ ಏನು ಮಾಡಿದರು, ಅದರಿಂದ ಕಾಯಿಲೆ ಕಡಿಮೆಯಾಯಿತೇ ಎಂಬ ಬೇರೆ ಬೇರೆ ಪ್ರಶ್ನೆಗಳು ಆರೋಗ್ಯ ಸಂವಹನ ಎಂಬ ಒಂದೇ ಹೆಸರಿನಡಿ ಸೇರಿಕೊಂಡಿವೆ. ಒಂದು ಪ್ರಶ್ನೆಗೆ ಗಟ್ಟಿ ಸಾಕ್ಷಿಯಾಗುವ ಆಕರ ಇನ್ನೊಂದರ ಬಗ್ಗೆ ಏನನ್ನೂ ಹೇಳದಿರಬಹುದು. ಹಾಗಾಗಿ ಆಕರವನ್ನು ತೂಗುವ ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು ಎಂಬುದು ನನ್ನ ವಾದ. ವಿಶ್ವಾಸಾರ್ಹತೆ ಆಕರದ ಹುಟ್ಟುಗುಣವಲ್ಲ, ನಾವು ಕೇಳುವ ಪ್ರಶ್ನೆಗೂ ಅದಕ್ಕೂ ಇರುವ ನಂಟು.

ಮಾತು ಹಾರಿಹೋಗದಂತೆ ಒಂದು ಉದಾಹರಣೆಯನ್ನು ಗಟ್ಟಿಯಾಗಿ ಹಿಡಿಯೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ಮಲಗಿದರು. ಇಂದು ರಾಷ್ಟ್ರೀಯ ವೈರಾಣು ಸಂಸ್ಥೆ ಎನಿಸಿಕೊಂಡಿರುವ, ಅಂದಿನ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದು ಹೊಸ ವೈರಸ್ ಎಂದೂ ಉಣುಗಿನ ಕಡಿತದಿಂದ ಹರಡುತ್ತದೆ ಎಂದೂ ಕಂಡುಕೊಂಡರು. ಮಂಗನ ಕಾಯಿಲೆ ಎಂದು ಕರೆಸಿಕೊಂಡ ಇದು ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ, ಮಲೆನಾಡಿನವರು ತರಗೆಲೆಗೆ, ಸೌದೆಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗುವ ಒಣ ತಿಂಗಳುಗಳಲ್ಲೇ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಭುಗಿಲೆದ್ದದ್ದು ಓದುಗರಿಗೆ ನೆನಪಿರಬಹುದು. ಲಸಿಕೆ ಇದ್ದೂ ಅನೇಕರು ಹಾಕಿಸಿಕೊಳ್ಳಲಿಲ್ಲ ಏಕೆ, ಅವರಿಗೆ ಮಾಹಿತಿ ತಲುಪಿದ ಬಗೆ ಎಂಥದ್ದು ಎಂದು ಒಬ್ಬರು ಪ್ರಬಂಧ ಬರೆಯಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಮೊದಲು ಬೇಕಾದ ಆಕರ ಜನರದ್ದಲ್ಲ, ಲಸಿಕೆಯದ್ದು.

1994ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದ ಕ್ಷೇತ್ರ ಅಧ್ಯಯನವೊಂದು ಈ ಲಸಿಕೆಯ ಎರಡು ಡೋಸ್ ಪಡೆದವರಲ್ಲಿ ಶೇ 93.5ರಷ್ಟು ರಕ್ಷಣೆ ಕಂಡಿತು ಎಂದು ವರದಿ ಮಾಡಿತು. ಮುಂದಿನ ಎಷ್ಟೋ ಬರಹಗಳಲ್ಲಿ ಈ ಅಂಕಿ ಮರುಕಳಿಸಿದೆ. 2013ರಲ್ಲಿ ಪ್ಲೋಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್ ಎಂಬ ಪತ್ರಿಕೆಯಲ್ಲಿ, 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ ಬಂತು. ಅದರ ಪ್ರಕಾರ ಎರಡು ಡೋಸ್‌ಗಳ ಪರಿಣಾಮ ಶೇ 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 82.9. ಇಲ್ಲಿ ಸ್ವಲ್ಪ ನಿಂತು ಓದಬೇಕು. ಶೇ 62.4ರ ಪಕ್ಕದಲ್ಲೇ ಲೇಖಕರು ಇನ್ನೊಂದು ಜೋಡಿ ಅಂಕಿ ಕೊಟ್ಟಿದ್ದಾರೆ: 26.1ರಿಂದ 80.8. ಲೆಕ್ಕದ ಅನಿಶ್ಚಿತತೆ ಅಷ್ಟು ಅಗಲ ಎಂದರ್ಥ. ಅದಕ್ಕೆ ಕಾರಣವೂ ಅಲ್ಲೇ ಇದೆ. ಆ ಅವಧಿಯಲ್ಲಿ ವರದಿಯಾದ 168 ಪ್ರಕರಣಗಳಲ್ಲಿ 134 ಮಂದಿ ಒಂದು ಡೋಸನ್ನೂ ಪಡೆಯದವರು. ಒಂದು ಡೋಸ್ ಪಡೆದವರು 9, ಎರಡು ಪಡೆದವರು 13, ಮೂರು ಪಡೆದವರು 12. ಈ ಸಣ್ಣ ಸಂಖ್ಯೆಗಳ ಮೇಲೆ ನಿಂತ ಶೇಕಡಾವಾರು ಅಲುಗದೆ ಇರಲಾರದು. ‘ಲಸಿಕೆ ಹಾಕಿಸಿಕೊಂಡ 34 ಮಂದಿಗೂ ಬಂತಲ್ಲ, ಮತ್ತೇಕೆ ಲಸಿಕೆ’ ಎನ್ನುವವರಿಗೂ ಉತ್ತರ ಅಲ್ಲಿಯೇ ಇದೆ. ಲಸಿಕೆ ಪಡೆದವರು ಒಟ್ಟು ಎಷ್ಟು, ಪಡೆಯದವರು ಎಷ್ಟು ಎಂಬುದನ್ನು ಕೆಳಗಿಟ್ಟು ಭಾಗಿಸದೆ ಈ 34ಕ್ಕೆ ಅರ್ಥವಿಲ್ಲ.

ಸಂವಹನದ ಸಂಶೋಧಕರು ಈ ವೈದ್ಯಕೀಯ ಅಂಕಿಗಳಿಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಏಕೆಂದರೆ ಅವರು ಜನರ ಬಗ್ಗೆ ಕೊಡುವ ತೀರ್ಪು ಇದರ ಮೇಲೆ ನಿಂತಿದೆ. 1994ರ ಅಂಕಿಯನ್ನಷ್ಟೇ ಓದಿದವರಿಗೆ ಲಸಿಕೆಯನ್ನು ಅನುಮಾನಿಸಿದ ಹಳ್ಳಿಗರು ಅಜ್ಞಾನಿಗಳಾಗಿಯೋ ವದಂತಿಗೆ ಬಲಿಯಾದವರಾಗಿಯೋ ಕಾಣುತ್ತಾರೆ. 2013ರದ್ದನ್ನೂ ಓದಿದವರಿಗೆ, ಎರಡು ಸಲ ಸೂಜಿ ಚುಚ್ಚಿಸಿಕೊಂಡ ನೆರೆಯವರಿಗೂ ಜ್ವರ ಬಂದದ್ದನ್ನು ಕಂಡವರ ಅನುಮಾನದಲ್ಲಿ ಅನುಭವದ ಅಂಶವೂ ಇತ್ತೆಂಬುದು ಕಾಣುತ್ತದೆ. ಬೂಸ್ಟರ್‌ವರೆಗೂ ಹೋದವರಿಗೆ ಒಳ್ಳೆಯ ರಕ್ಷಣೆ ಸಿಕ್ಕಿತು ಎಂಬ ಸಂಗತಿ ಅವರಿಗೆ ತಲುಪಿತ್ತೇ ಎಂಬ ಹೆಚ್ಚು ಉಪಯುಕ್ತವಾದ ಪ್ರಶ್ನೆಯೂ ಹುಟ್ಟುತ್ತದೆ. 2022ರ ನಂತರ ರಾಜ್ಯದಲ್ಲಿ ಆ ಲಸಿಕೆ ಹಾಕುವುದೇ ನಿಂತಿತು. ಹಳೆಯ ಆಕರವೊಂದನ್ನೇ ನೆಚ್ಚಿದ ಪ್ರಬಂಧ ಜನರಿಗೆ ಅನ್ಯಾಯ ಮಾಡುತ್ತದೆ, ಅದೂ ಪ್ರತಿಷ್ಠಿತ ಪತ್ರಿಕೆಯ ಹೆಸರಿನಲ್ಲಿ.

ಇಂಥ ಅಧ್ಯಯನಗಳನ್ನು ಹುಡುಕುವ ಕ್ರಮಕ್ಕೆ ಬರೋಣ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್ 1997ರಿಂದ ಎಲ್ಲರಿಗೂ ಉಚಿತ. ಅದೊಂದು ಸೂಚಿ, ಅಲ್ಲಿ ಹೆಸರಿದ್ದ ಮಾತ್ರಕ್ಕೆ ಲೇಖನಕ್ಕೆ ಪ್ರಮಾಣಪತ್ರ ಸಿಕ್ಕಿತೆಂದಲ್ಲ. ಅದರ ಬಲ ಇರುವುದು ವಿಷಯ ಶೀರ್ಷಿಕೆಗಳಲ್ಲಿ. ಲೇಖಕರು ಯಾವ ಪದ ಬಳಸಿದ್ದರೂ ಗ್ರಂಥಾಲಯದವರು ಒಂದೇ ಶೀರ್ಷಿಕೆಯಡಿ ಅವನ್ನು ಕೂಡಿಸಿರುತ್ತಾರೆ, ‘ಆರೋಗ್ಯ ಸಂವಹನ’ ಎಂಬುದೂ ಅಂಥ ಒಂದು ಶೀರ್ಷಿಕೆ. ಕಾಯಿಲೆಯ ಹೆಸರಿನೊಂದಿಗೆ ಅದನ್ನು ಜೋಡಿಸಿದರೆ ಹುಡುಕಾಟ ಹದಕ್ಕೆ ಬರುತ್ತದೆ. ನಮ್ಮ ಊರುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 2014ರ ನವೆಂಬರ್‌ವರೆಗೆ ಇಂಗ್ಲಿಷ್ ದಾಖಲೆಗಳಲ್ಲಿದ್ದದ್ದು ಶಿಮೊಗ, ಮೈಸೂರ್, ಬ್ಯಾಂಗಲೋರ್, ಬೆಳಗಾಂ. ಶಿವಮೊಗ್ಗ ಎಂಬ ಇಂದಿನ ಕಾಗುಣಿತದಿಂದ ಮಾತ್ರ ಹುಡುಕಿದವರಿಗೆ ಅದಕ್ಕೂ ಹಿಂದಿನ ಎಷ್ಟೋ ಅಧ್ಯಯನಗಳು ಕೈತಪ್ಪುತ್ತವೆ, ಮಂಗನ ಕಾಯಿಲೆಯ ಮೊದಲ ಐವತ್ತು ವರ್ಷಗಳ ಅಧ್ಯಯನಗಳೂ ಅದರಲ್ಲಿ ಸೇರಿವೆ. ಹಳೆಯದು, ಹೊಸದು ಎರಡನ್ನೂ ಹಾಕಬೇಕು. ಒಂದು ಒಳ್ಳೆಯ ಲೇಖನ ಸಿಕ್ಕ ಮೇಲೆ ಅದು ಯಾರನ್ನು ಉಲ್ಲೇಖಿಸಿದೆ ಎಂದು ಹಿಂದಕ್ಕೂ, ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಮುಂದಕ್ಕೂ ನಡೆಯಬೇಕು. 1994ರಿಂದ 2013ಕ್ಕೆ ದಾರಿ ತೋರುವುದು ಈ ಮುಂದಿನ ನಡಿಗೆಯೇ.

ಲೇಖನ ಹಿಂತೆಗೆದುಕೊಂಡದ್ದೇ ಎಂದು ನೋಡುವುದನ್ನೂ ಮರೆಯಬಾರದು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಲೇಖನ 12 ಮಕ್ಕಳ ವಿವರ ಇಟ್ಟುಕೊಂಡು 1998ರಲ್ಲಿ ಪ್ರಕಟವಾಯಿತು, ಅದೂ ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲಿ. ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರ ಫೆಬ್ರುವರಿಯಲ್ಲಿ. ಕೊರೊನಾ ಕಾಲದಲ್ಲಿ ಅದೇ ಪತ್ರಿಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕುರಿತ ಲೇಖನವನ್ನು 2020ರ ಮೇ 22ರಂದು ಪ್ರಕಟಿಸಿ ಜೂನ್ 4ಕ್ಕೆ ಹಿಂತೆಗೆದುಕೊಂಡಿತು. ಮೊದಲನೆಯದಕ್ಕೆ ಹನ್ನೆರಡು ವರ್ಷ ಹಿಡಿಯಿತು, ಎರಡನೆಯದಕ್ಕೆ ಎರಡು ವಾರ. ಹಿಂತೆಗೆತದ ದಾಖಲೆಗಳನ್ನು ಕೂಡಿಡುವ ರಿಟ್ರಾಕ್ಷನ್ ವಾಚ್‌ನ ಕೋಶ 2023ರಿಂದ, ಲೇಖನಗಳಿಗೆ ಗುರುತಿನ ಸಂಖ್ಯೆ ನೀಡುವ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ತೆರೆದಿದೆ. ಪಬ್‌ಮೆಡ್ ಕೂಡ ಇಂಥ ಲೇಖನದ ಮೇಲೆ ಎಚ್ಚರಿಕೆ ತೋರಿಸುತ್ತದೆ. ಆದರೆ ವೇಕ್‌ಫೀಲ್ಡ್ ಲೇಖನವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಲಸಿಕೆಯ ಸುರಕ್ಷತೆಗೆ ಅದು ಸಾಕ್ಷಿಯಲ್ಲ. ಲಸಿಕೆಯ ಭಯ ಹೇಗೆ ಹರಡಿತು ಎಂಬ ಪ್ರಶ್ನೆಗೆ ಮಾತ್ರ ಅದಕ್ಕಿಂತ ಮುಖ್ಯವಾದ ಮೂಲ ದಾಖಲೆ ಸಿಗುವುದು ಕಷ್ಟ. ಒಂದೇ ಕಾಗದ ಒಂದು ಪ್ರಶ್ನೆಗೆ ತ್ಯಾಜ್ಯ, ಇನ್ನೊಂದಕ್ಕೆ ಅನಿವಾರ್ಯ. ನಂಬಬಹುದಾದ್ದು, ನಂಬಬಾರದ್ದು ಎಂಬ ಎರಡೇ ಕಾಲಂಗಳ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಸಿಗದು.

ಕನ್ನಡದ ಆಕರಗಳಿಗೆ ನಿಜವಾದ ಬೆಲೆ ಬರುವುದೂ ಇಲ್ಲಿಯೇ. ಜನರಿಗೆ ಏನು ಹೇಳಲಾಯಿತು ಎಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ಪತ್ರಿಕೆಗಳಿಗಿಂತ ಹತ್ತಿರದ ಸಾಕ್ಷಿಗಳು ಬೇರೆ ಇವೆ: ಆಯಾ ದಿನದ ಪ್ರಜಾವಾಣಿ, ಉದಯವಾಣಿ, ಸಂಯುಕ್ತ ಕರ್ನಾಟಕದ ಜಿಲ್ಲಾ ಪುಟಗಳು, ಭದ್ರಾವತಿ ಆಕಾಶವಾಣಿಯ ಕಾರ್ಯಕ್ರಮಗಳು, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಭಿತ್ತಿಪತ್ರ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚಿದ ಕರಪತ್ರ. ಪತ್ರಿಕಾ ವರದಿಯಿಂದ ಲಸಿಕೆಯ ಪರಿಣಾಮವನ್ನು ತೀರ್ಮಾನಿಸಲಾಗದು. ಇಂಥ ದಿನ, ಇಂಥ ಪುಟದಲ್ಲಿ, ಇಂಥ ಶೀರ್ಷಿಕೆಯಡಿ ಸಾವಿನ ಸುದ್ದಿ ಬಂದಿತ್ತು, ಲಸಿಕಾ ಶಿಬಿರದ ಸುದ್ದಿ ಬಂದಿರಲಿಲ್ಲ ಎಂಬುದಕ್ಕೆ ಮಾತ್ರ ಅದೇ ಪರಮ ಪ್ರಮಾಣ. ಕರಪತ್ರದಲ್ಲಿ ‘ಕಾಡಿಗೆ ಹೋಗಬೇಡಿ’ ಎಂದಿತ್ತೇ, ‘ಹೋಗುವ ಮುನ್ನ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ’ ಎಂದಿತ್ತೇ ಎಂಬುದು ಸಂವಹನದ ದೃಷ್ಟಿಯಿಂದ ದೊಡ್ಡ ವ್ಯತ್ಯಾಸ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ ತರಲೇಬೇಕಾದವರಿಗೆ ಮೊದಲನೆಯದು ಪಾಲಿಸಲಾಗದ ಮಾತು. ಕರಪತ್ರವನ್ನೇ ಕಣ್ಣಾರೆ ನೋಡದೆ ಅದರ ಬಗ್ಗೆ ಯಾರೋ ಬರೆದದ್ದನ್ನು ಉಲ್ಲೇಖಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಇಂಥ ಕಾಗದಗಳು ಬೇಗ ಕಳೆದುಹೋಗುತ್ತವೆ ಎಂಬುದೇ ದುಃಖದ ಸಂಗತಿ. ಸಿಕ್ಕಾಗ ದಿನಾಂಕ, ಮುದ್ರಿಸಿದ ಕಚೇರಿ, ಸಿಕ್ಕ ಸ್ಥಳದ ಸಮೇತ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಕೇಳಿದವರು ಏನು ತಿಳಿದುಕೊಂಡರು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣ. ಅದಕ್ಕೆಂದು ಬಹಳವಾಗಿ ಬಳಕೆಯಲ್ಲಿರುವುದು ಅರಿವು, ಧೋರಣೆ, ಆಚರಣೆ ಎಂಬ ಮೂರನ್ನು ಪ್ರಶ್ನಾವಳಿಯಿಂದ ಅಳೆಯುವ ಸಮೀಕ್ಷೆ. ಇದರ ವರದಿ ಓದುವಾಗ ಪ್ರಶ್ನೆ ಕೇಳಿದವರು ಯಾರು ಎಂದು ಮೊದಲು ನೋಡಬೇಕು. ಲಸಿಕೆ ಹಾಕುವ ಇಲಾಖೆಯವರೇ ಬಂದು ‘ಲಸಿಕೆ ಒಳ್ಳೆಯದಲ್ಲವೇ’ ಎಂದರೆ ಒಲ್ಲೆ ಎನ್ನುವವರು ಕಡಿಮೆ. ಜನ ತಾವು ಮಾಡುತ್ತೇವೆ ಎಂದು ಹೇಳುವುದಕ್ಕೂ ನಿಜಕ್ಕೂ ಮಾಡುವುದಕ್ಕೂ ಇರುವ ಅಂತರ ಕೈ ತೊಳೆಯುವ ಅಭ್ಯಾಸದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ದೊಡ್ಡ ಸಮೀಕ್ಷೆಗಳಿಗೂ ಇದೇ ಎಚ್ಚರ ಬೇಕು. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರಲ್ಲಿ ಸುಮಾರು 6.37 ಲಕ್ಷ ಮನೆಗಳನ್ನು ಮುಟ್ಟಿತು. ಎಂದಾದರೂ ಇಂಟರ್ನೆಟ್ ಬಳಸಿದ್ದೀರಾ ಎಂಬ ಪ್ರಶ್ನೆಗೆ ದೇಶದಲ್ಲಿ ಹೌದು ಎಂದ ಮಹಿಳೆಯರು ಮೂವರಲ್ಲಿ ಒಬ್ಬರು. ಗ್ರಾಮೀಣ ಮಹಿಳೆಯರಿಗೆ ಆರೋಗ್ಯದ ಮಾಹಿತಿ ವಾಟ್ಸ್‌ಆ್ಯಪ್‌ನಿಂದಲೇ ಬರುತ್ತದೆ ಎಂದು ಆಧಾರವಿಲ್ಲದೆ ಬರೆಯುವವರನ್ನು ತಡೆಯಲು ಈ ಅಂಕಿ ಸಾಕು. ಇಂಟರ್ನೆಟ್ ಬಳಸಿದವರು ಅದರಲ್ಲಿ ಆರೋಗ್ಯದ ವಿಷಯ ಓದಿದರೇ, ಓದಿ ನಂಬಿದರೇ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಸಾರಾಂಶದಲ್ಲಿ ನಿಲ್ಲದೆ ಪೂರ್ಣ ವರದಿ ತೆರೆದು, ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದರು ಎಂದು ಪ್ರಶ್ನಾವಳಿಯಲ್ಲೇ ನೋಡಿದರೆ ಈ ಗೆರೆ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಪ್ರಕಟಿತ ಅಧ್ಯಯನ, ಅಂಕಿ-ಅಂಶ ಎಂದು ಪಟ್ಟು ಹಿಡಿದರೆ, ಇಂಗ್ಲಿಷ್ ಪತ್ರಿಕೆಗಳಲ್ಲಿ ಎಂದೂ ದಾಖಲಾಗದ ಜನರ ತಿಳಿವಳಿಕೆ ಹೊರಗುಳಿಯುವುದಿಲ್ಲವೇ? ಈ ಆತಂಕ ನ್ಯಾಯವಾದದ್ದು. ಕಾಡಂಚಿನ ಕೃಷಿಕರಿಗೆ, ದನ ಕಾಯುವವರಿಗೆ ಉಣುಗು ಯಾವ ತಿಂಗಳಲ್ಲಿ ಹೆಚ್ಚು, ಯಾವ ಬ್ಯಾಣದಲ್ಲಿ ಹೆಚ್ಚು ಎಂಬುದು ಗೊತ್ತಿರುತ್ತದೆ. ಮಂಗನ ಕಾಯಿಲೆಯ ಅಪಾಯದ ನಕ್ಷೆ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನೂ ಸ್ಥಳೀಯರ ತಿಳಿವಳಿಕೆಯನ್ನೂ ಆರಂಭದಿಂದಲೇ ಜೊತೆಗಿಟ್ಟುಕೊಂಡು ನಡೆಯಿತು. ಜನರ ಮಾತು ಆಕರವಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಅದೇ ಶಿಸ್ತು ಸಲ್ಲಬೇಕು: ಯಾರನ್ನು, ಎಲ್ಲಿ, ಯಾವಾಗ, ಏನು ಕೇಳಿದೆವು, ಅವರ ಮಾತಿನಲ್ಲೇ ಏನು ಹೇಳಿದರು. ಸಂದರ್ಶನ ಬೇರೆ ಬಗೆಯ ಪ್ರಶ್ನೆಗೆ ಸಿಗುವ ಗಟ್ಟಿ ಉತ್ತರ. ಅದನ್ನು ಎರಡನೇ ದರ್ಜೆಯದೆಂದು ನೋಡುವವರು ಪ್ರಶ್ನೆಯನ್ನೇ ಸರಿಯಾಗಿ ಕೇಳಿಕೊಂಡಿಲ್ಲ. ಇಲಾಖೆಯ ಅಂಕಿಗಳನ್ನು ನಂಬುವುದು ಹೇಗೆ, ಅವರು ಪಕ್ಷಗಾರರಲ್ಲವೇ ಎಂಬ ಆಕ್ಷೇಪಕ್ಕೂ ಉತ್ತರ ಇದೇ ದಾರಿಯಲ್ಲಿದೆ. ಎಷ್ಟು ಬಾಟಲಿ ಡೆಪಾ ಎಣ್ಣೆ ಹಂಚಿದರು ಎಂಬುದಕ್ಕೆ ಇಲಾಖೆಯ ಲೆಕ್ಕಪುಸ್ತಕ ಒಳ್ಳೆಯ ಆಕರ, ಎಷ್ಟು ಜನ ಹಚ್ಚಿಕೊಂಡರು ಎಂಬುದಕ್ಕೆ ಅಲ್ಲ.

ಪ್ರಚಾರದಿಂದ ಪ್ರಯೋಜನವಾಯಿತೇ ಎಂಬ ಕೊನೆಯ ಪ್ರಶ್ನೆಗೆ ಒಂದೊಂದು ಅಧ್ಯಯನವನ್ನು ನೆಚ್ಚುವುದಕ್ಕಿಂತ, ಇರುವ ಅಧ್ಯಯನಗಳನ್ನೆಲ್ಲ ನಿಗದಿತ ವಿಧಾನದಿಂದ ಕಲೆಹಾಕಿ ತೂಗಿದ ವ್ಯವಸ್ಥಿತ ಅವಲೋಕನಗಳತ್ತ ಹೋಗುವುದು ಒಳ್ಳೆಯದು. 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆ ಈ ಕೆಲಸಕ್ಕೆ ಹೆಸರಾದದ್ದು. ಚಿಕ್ಕ ಮಕ್ಕಳ ಲಸಿಕೆಯ ಬಗ್ಗೆ ತಂದೆತಾಯಿಗೆ ಎದುರು ಕೂತು ತಿಳಿಹೇಳುವುದರಿಂದ ಏನಾಗುತ್ತದೆ ಎಂಬುದರ ಬಗ್ಗೆ 2018ರಲ್ಲಿ ಪರಿಷ್ಕೃತವಾಗಿ ಬಂದ ಅವಲೋಕನ, ಸ್ವಲ್ಪ ಉಪಯೋಗ ಆಗಬಹುದು, ಆದರೆ ಸಾಕ್ಷ್ಯದ ಖಚಿತತೆ ಕಡಿಮೆ ಎಂದು ಎಚ್ಚರದಿಂದ ಹೇಳುತ್ತದೆ. ಆ ಎಚ್ಚರವನ್ನು ಕಿತ್ತುಹಾಕಿ ‘ಮುಖಾಮುಖಿ ಮಾತಿನಿಂದ ಲಸಿಕೆ ಹೆಚ್ಚುತ್ತದೆ’ ಎಂದು ಬರೆದರೆ ಆಕರ ಎಷ್ಟೇ ದೊಡ್ಡದಿದ್ದರೂ ಉಲ್ಲೇಖ ಸುಳ್ಳಾಗುತ್ತದೆ.

ಇಷ್ಟೆಲ್ಲ ಓದಲು ದುಡ್ಡೆಲ್ಲಿ, ಸಮಯವೆಲ್ಲಿ ಎನ್ನುವವರಿದ್ದಾರೆ. ದುಡ್ಡಿನ ಮಾತು ಈಗ ಸ್ವಲ್ಪ ಹಗುರಾಗಿದೆ. 2025ರ ಜನವರಿಯಿಂದ ಜಾರಿಯಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದಿವೆ. ಪಬ್‌ಮೆಡ್ ಸೆಂಟ್ರಲ್‌ನಲ್ಲಿರುವ ಲೇಖನಗಳು ಎಲ್ಲರಿಗೂ ಪೂರ್ತಿ ಉಚಿತ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳು, ಕನ್ನಡದಲ್ಲಿ ಬರೆದವೂ ಸೇರಿ, ಶೋಧಗಂಗಾದಲ್ಲಿ ಸಿಗುತ್ತವೆ. ಸಮಯದ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಸಮಯವಿಲ್ಲವೆಂದು ಚಾಟ್‌ಬಾಟನ್ನು ಕೇಳಿ ಉಲ್ಲೇಖಗಳ ಪಟ್ಟಿ ಪಡೆಯುವವರಿಗೆ ಇಲ್ಲದ ಲೇಖನಗಳ ಹೆಸರು, ನಿಜವೆಂದೇ ಕಾಣುವ ಲೇಖಕರು ಮತ್ತು ವರ್ಷಗಳ ಸಮೇತ ಸಿಗುವುದುಂಟು. ಅದನ್ನು ಪತ್ತೆಮಾಡಲು ಹೆಚ್ಚು ಹೊತ್ತು ಬೇಡ: ಲೇಖನದ ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲೋ ಕ್ರಾಸ್‌ರೆಫ್‌ನಲ್ಲೋ ಹಾಕಿ, ಗುರುತಿನ ಸಂಖ್ಯೆ ಬರುತ್ತದೆಯೇ ನೋಡಿದರಾಯಿತು. ನಕಲಿ ಪತ್ರಿಕೆಗಳ ಕಾಟ ಇದಕ್ಕಿಂತ ಹಳೆಯದು. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹ್ಯಾನನ್ ಬೇಕೆಂದೇ ತಪ್ಪುಗಳನ್ನು ತುಂಬಿದ ಲೇಖನವನ್ನು 304 ಮುಕ್ತ ಪತ್ರಿಕೆಗಳಿಗೆ ಕಳಿಸಿದಾಗ 157 ಪತ್ರಿಕೆಗಳು ಅದನ್ನು ಒಪ್ಪಿಕೊಂಡಿದ್ದವು. ತಜ್ಞರ ಪರಿಶೀಲನೆ ನಡೆದಿದೆ ಎಂದು ಪತ್ರಿಕೆ ತಾನೇ ಹೇಳಿಕೊಂಡರೆ ಸಾಲದು. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಲೇಖನ ತಲುಪಿದ ಮತ್ತು ಒಪ್ಪಿಗೆಯಾದ ದಿನಾಂಕಗಳ ನಡುವೆ ಎಷ್ಟು ದಿನ ಕಳೆದಿವೆ, ಅಧ್ಯಯನಕ್ಕೆ ಹಣ ಕೊಟ್ಟವರು ಯಾರು ಎಂದು ನೋಡಬೇಕು. ಅದಕ್ಕೆ ಹತ್ತು ನಿಮಿಷ ಸಾಕು.

ಉಳಿದದ್ದು ಫಾರ್ವರ್ಡ್ ಸಂದೇಶಗಳ ಮಾತು. 2017ರ ಫೆಬ್ರುವರಿಯಲ್ಲಿ ಕರ್ನಾಟಕ, ತಮಿಳುನಾಡು ಸೇರಿ ಐದು ಕಡೆ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ವದಂತಿ ಹಬ್ಬಿ ಪೋಷಕರು ಹಿಂಜರಿದದ್ದು ಆಗಿನ ಪತ್ರಿಕೆಗಳಲ್ಲಿ ದಾಖಲಾಗಿದೆ. ಮೂಲ ಸಂದೇಶಗಳಿಗೆ ಯಾವ ಗ್ರಂಥಾಲಯದಲ್ಲೂ ಜಾಗವಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅಂಥ ಸಂದೇಶ ಕಂಡ ದಿನವೇ ಅದರ ಪೂರ್ಣ ಪಠ್ಯ, ಭಾಷೆ, ಸಿಕ್ಕ ದಿನಾಂಕ, ಜೊತೆಗಿದ್ದ ಧ್ವನಿ ಅಥವಾ ಚಿತ್ರವನ್ನು ದಾಖಲಿಸಿಡಬೇಕು. ಕಳಿಸಿದವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಅಳಿಸಬೇಕು. ಗುಂಪಿನೊಳಗಿನ ಮಾತುಕತೆ ಬಳಸುವುದಾದರೆ ಸದಸ್ಯರ ಒಪ್ಪಿಗೆಯನ್ನೂ ತಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ಹುಡುಕಾಟದ ದಿನಚರಿಯನ್ನೂ ಇದೇ ಕಡತದಲ್ಲಿ ಇಡಬಹುದು: ಯಾವ ಕೋಶದಲ್ಲಿ, ಯಾವ ದಿನ, ಯಾವ ಪದಗಳಿಂದ ಹುಡುಕಿದಿರಿ, ಎಷ್ಟು ಸಿಕ್ಕವು, ಯಾವುದನ್ನು ಏಕೆ ಬಿಟ್ಟಿರಿ. ಮುಂದಿನ ವರ್ಷ ಅದೇ ವಿಷಯಕ್ಕೆ ಇಳಿಯುವ ಇನ್ನೊಬ್ಬ ವಿದ್ಯಾರ್ಥಿ ನಿಮ್ಮ ತೀರ್ಮಾನವನ್ನು ಒಪ್ಪದಿದ್ದರೂ ಈ ಕಡತದಿಂದ ಕೆಲಸ ಮುಂದುವರಿಸಬಹುದು.